ಗೆಳೆಯನಿಗೊಂದು ಪತ್ರ: ನಿನ್ನ ಮಫ್ಲರ್ ಯಾಕೆ ತಡವಾಯಿತು ಅಂದರೆ

ಪ್ರೀತಿಯ ಗುರು,

ಮಫ್ಲರ್ ಎಲ್ಲಿ ಅಂತ ಮೂರನೇ ಸಲ ಕೇಳಿದ್ದೀಯ. ಉತ್ತರವನ್ನು ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಛತ್ರಿಯ ವಿಷಯ ಮಾತ್ರ ಎತ್ತುವುದಿಲ್ಲ, ಮಾತು ಕೊಟ್ಟಿದ್ದೇನಲ್ವಾ.

ದಾರ ರೆಡಿ ಇದೆ. ಮೆರಿನೋ ಉಣ್ಣೆ, 100 ಗ್ರಾಂನ ಎರಡು ಲಡಿ. ನೀನು ಕೇಳಿದ ನೀಲಿಯನ್ನು ಇಲ್ಲೇ ಮಂಡ್ಯದಲ್ಲಿ, ನಮ್ಮ ಹಿತ್ತಿಲಲ್ಲೇ ಹಾಕಿದೆ. ನೀಲಿ ಪುಡಿ, ಅಂದರೆ ಇಂಡಿಗೋ, ಬರೀ ನೀರಿನಲ್ಲಿ ಕರಗುವುದೇ ಇಲ್ಲ. ಸುಣ್ಣ ಬೇಕು, ಬೆಲ್ಲ ಬೇಕು. ನನ್ನ ಲೆಕ್ಕ ಒಂದು ಪಾಲು ನೀಲಿಗೆ ಎರಡು ಪಾಲು ಸುಣ್ಣ, ಮೂರು ಪಾಲು ಬೆಲ್ಲ. ಬೆಲ್ಲಕ್ಕೆ ನಮ್ಮೂರಲ್ಲಿ ಬರವೇ? ಬಿಸಿನೀರಲ್ಲಿ ಕಲಸಿ ಮುಚ್ಚಿಟ್ಟರೆ ಮೇಲೆ ತಾಮ್ರದ ಹೊಳಪಿನ ಒಂದು ಪೊರೆ ಕಟ್ಟುತ್ತದೆ. ಅದನ್ನು ಸರಿಸಿದರೆ ಕೆಳಗೆ ಹಳದಿ ಹಸಿರು ನೀರು.

ನೆನೆಸಿದ ಲಡಿಯನ್ನು ಗುಳ್ಳೆ ಏಳದ ಹಾಗೆ ಮೆಲ್ಲಗೆ ಇಳಿಸಬೇಕು. ಉಣ್ಣೆಗೆ ಸುಣ್ಣ ಒಗ್ಗುವುದಿಲ್ಲ, ಜಾಸ್ತಿ ಹೊತ್ತು ಬಿಡಬಾರದು. ಎತ್ತಿದಾಗ ದಾರ ಹಸಿರು. ಗಾಳಿ ತಾಗುತ್ತಾ ತಾಗುತ್ತಾ ಕಣ್ಣೆದುರೇ ನೀಲಿಯಾಗುತ್ತದೆ. ಎಷ್ಟು ಸಲ ನೋಡಿದರೂ ಮೈ ಜುಂ ಅನ್ನುತ್ತದೆ ಕಣೋ. ಇನ್ನೂ ಗಾಢ ಬೇಕಾದರೆ ಮತ್ತೆ ಮುಳುಗಿಸಬೇಕು. ಕೊನೆಗೆ ವಿನೆಗರ್ ಬೆರೆಸಿದ ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಬಣ್ಣ ಒಂದು ಮೆಟ್ಟಿಲು ತಿಳಿಯಾಗುತ್ತದೆ.

ಇಷ್ಟು ಬರೆದು ಮುಗಿಸೋಣ ಅಂದುಕೊಂಡಿದ್ದೆ. ಆಗುತ್ತಿಲ್ಲ.

ನನಗೆ ಕಡ್ಡಿ ಹಿಡಿಯುವುದನ್ನು ಕಲಿಸಿದ್ದು ಅವ್ವ. ನಾನು ಹೆಣೆದ ಎಲ್ಲದಕ್ಕೂ ಬಣ್ಣ ಆರಿಸಿದ್ದೂ ಅವಳೇ. ಎರಡು ವರ್ಷದ ಹಿಂದೆ ಮೊದಲ ಸಲ ನೀಲಿ ಹಾಕಿದಾಗ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು. ದಾರ ನೀಲಿಯಾಗಿ ಎಷ್ಟೋ ಹೊತ್ತಾಗಿತ್ತು. "ಇನ್ನೂ ಹಸ್ರಾಗೇ ಅದಲ್ಲೋ ಮಗಾ" ಅಂದಳು. ನಾನು ನಕ್ಕೆ. ಗಾಳಿಯ ಪಾಠ ಹೇಳಿದೆ. ಮತ್ತೊಂದು ದಿನವೂ ಹಾಗೇ ಅಂದಳು. "ನಿನಗೆ ಗಮನ ಇಲ್ಲ ಬಿಡು" ಅಂದೆ.

ಆಮೇಲೆ ಅವಳನ್ನು ಕೇಳುವುದನ್ನೇ ಬಿಟ್ಟೆ. ಎರಡು ಬಣ್ಣ ಪಕ್ಕಪಕ್ಕ ಇಟ್ಟು ಮೊಬೈಲಲ್ಲಿ ಕಪ್ಪುಬಿಳುಪು ಫೋಟೋ ತೆಗೆಯುತ್ತಿದ್ದೆ. ಎರಡೂ ಒಂದೇ ಬೂದು ಕಂಡರೆ ಹೆಣಿಗೆಯ ಚಿತ್ತಾರ ಎದ್ದು ಕಾಣುವುದಿಲ್ಲ ಅಂತ ಗೊತ್ತಾಗುತ್ತದೆ. ಒಳ್ಳೇ ಉಪಾಯ, ಈಗಲೂ ಮಾಡುತ್ತೇನೆ. ಆದರೆ ಅವ್ವ ಮೆಲ್ಲಗೆ ಕಡ್ಡಿ ಕೆಳಗಿಟ್ಟಿದ್ದಳು. ಕೇಳಿದವರಿಗೆಲ್ಲ "ಅವಳಿಗೆ ಬೇಜಾರು ಬಂದಿದೆ" ಅಂತ ನಾನೇ ಹೇಳಿದೆ. ನಿನಗೂ ಹಾಗೇ ಹೇಳಿದ್ದೆ, ನೆನಪಿದೆಯಾ?

ಹೋದ ತಿಂಗಳು ಮೈಸೂರಲ್ಲಿ ಅವ್ವನ ಒಂದು ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ಎರಡನೇ ದಿನ ನಿನ್ನ ಲಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿದಳು, ಆಮೇಲೆ ಇನ್ನೊಂದು. "ಈ ಕಣ್ಗೆ ನೀಲಿ. ಈ ಕಣ್ಗೆ ಇನ್ನೂ ಹಸ್ರೇ." ಪೊರೆ ಬಲಿತಾಗ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದಂತೆ, ನೀಲಿ ಬೆಳಕನ್ನು ಅದು ಒಳಗೆ ಬಿಡುವುದು ಕಡಿಮೆ. ಅವ್ವ ತನಗೆ ಕಂಡಿದ್ದನ್ನೇ ಹೇಳಿದ್ದಳು. ಹಂಡೆಯ ಮೇಲಿನ ಪೊರೆಯನ್ನು ಪ್ರತಿ ಸಲ ಜೋಪಾನವಾಗಿ ಸರಿಸಿದವನು ನಾನು. ಪಕ್ಕದಲ್ಲೇ ಕೂತಿದ್ದವಳ ಕಣ್ಣು ನೋಡಲಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ ಗುರು. ಅವಳು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಇದನ್ನೆಲ್ಲ ಬರೆಯಬೇಕು ಅಂತ ಇರಲಿಲ್ಲ. ಇರಲಿ, ಮಫ್ಲರ್ ವಿಷಯಕ್ಕೆ ಬರ್ತೀನಿ. ಬರೀ ನೀಲಿ ಸಪ್ಪೆ, ಅಂಚಿಗೆ ಈರುಳ್ಳಿ ಸಿಪ್ಪೆಯ ಬಣ್ಣ ಹಾಕು ಅಂತ ಅವ್ವನ ಅಪ್ಪಣೆಯಾಗಿದೆ. ಪಕ್ಕದ ಹೋಟೆಲಿನವರು ಒಂದು ಚೀಲ ಸಿಪ್ಪೆ ಕೊಟ್ಟಿದ್ದಾರೆ. ನೂರು ಗ್ರಾಂ ಉಣ್ಣೆಗೆ ಹನ್ನೆರಡು ಗ್ರಾಂ ಪಟಿಕ ಹಾಕಿ ಸಣ್ಣ ಉರಿಯಲ್ಲಿ ಇಟ್ಟಿದ್ದೇನೆ. ಮನೆಯೆಲ್ಲ ಈರುಳ್ಳಿ ಘಮ. ಎರಡು ಸಲ ತೊಳೆದೇ ಕಳಿಸುತ್ತೇನೆ. ಆಮೇಲೂ ಉಳಿದಿದ್ದರೆ ನಮ್ಮನೆ ಉಪ್ಸಾರು ನೆನಪಿಸಿಕೋ.

ಎರಡನೇ ಕಣ್ಣು ಬರುವ ತಿಂಗಳು. ಪಾರ್ಸಲ್ ಮಾತು ಬಂದಾಗ ಅವ್ವ ಕೇಳುತ್ತಿದ್ದಳು, "ಅಲ್ಲೂ ಛತ್ರಿ ಮರ್ತು ಬರ್ತಾನಾ ಅವ್ನು?" ನಾನು ಹೇಳಿದ್ದಲ್ಲ ಕಣೋ, ಅವಳಿಗೇ ನೆನಪಿದೆ.

ನಿನ್ನ
ಹಿತ್ತಿಲ ಗೆಳೆಯ