ನೀರಿನ ಕಪಾಟಿನ ಹಳೆಯ ಪುಸ್ತಕಗಳು: ಏಪ್ರಿಲ್ 1ರಿಂದ ಹೊಸ ವ್ಯವಸ್ಥೆ

ಸದಸ್ಯರಿಗೆ, ನಮ್ಮಿಂದ ಎರವಲು ಪಡೆಯುವ ಶಾಲೆ ಮತ್ತು ಗ್ರಂಥಾಲಯಗಳಿಗೆ ಬಾಗಲಕೋಟೆಯ ನಿಮ್ಮ ಸಹಕಾರಿ ಪುಸ್ತಕ ಭಂಡಾರದ ನಮಸ್ಕಾರಗಳು.

ಈಜು, ಡೈವಿಂಗ್ ಮತ್ತು ನೀರಿನ ಜೀವಿಗಳ ಪುಸ್ತಕಗಳನ್ನು ಇದುವರೆಗೆ ಒಂದೇ ಕಪಾಟಿನಿಂದ, ಕೇಳಿದವರಿಗೆಲ್ಲ ಕೊಡುತ್ತಿದ್ದೆವು. ಏಪ್ರಿಲ್ 1ರಿಂದ ಹಾಗಿರುವುದಿಲ್ಲ. ಬೆನ್ನಿಗೆ ಕೆಂಪು ಚೀಟಿ ಅಂಟಿಸಿದ ಪುಸ್ತಕವನ್ನು ಮನೆಗೆ ಕೊಡುವುದಿಲ್ಲ, ಮಾರುವುದೂ ಇಲ್ಲ. ಇಲ್ಲೇ ಕುಳಿತು ಓದಬಹುದು. ಹಳದಿ ಚೀಟಿಯ ಪುಸ್ತಕ ಎಂದಿನಂತೆ ಸಿಗುತ್ತದೆ, ಆದರೆ ಮೊದಲ ಪುಟದಲ್ಲಿ ಒಂದು ತಿದ್ದುಪಡಿ ಹಾಳೆ ಅಂಟಿಸಿರುತ್ತೇವೆ. ಚೀಟಿ ಇಲ್ಲದ ಪುಸ್ತಕಗಳಿಗೆ ಏನೂ ಬದಲಾವಣೆ ಇಲ್ಲ. ಠೇವಣಿ, ಅವಧಿ, ದಂಡ ಎಲ್ಲ ಹಿಂದಿನಂತೆಯೇ. ಬೇಸಿಗೆ ಶಿಬಿರಗಳೂ, ಹೊಲದ ಬಾವಿಗಳಲ್ಲಿ ಮಕ್ಕಳು ಬೆಂಡು ಕಟ್ಟಿಕೊಂಡು ಈಸು ಕಲಿಯುವುದೂ ಶುರುವಾಗುವ ಮುಂಚೆಯೇ ಇದು ಆಗಬೇಕಿತ್ತು.

ಕೆಂಪು ಚೀಟಿಗೆ ಮುಖ್ಯ ಕಾರಣ ಒಂದೇ ಅಧ್ಯಾಯ: ಮುಳುಗಿದವರ ಪ್ರಥಮ ಚಿಕಿತ್ಸೆ. ಹಳೆಯ ಈಜು ಕೈಪಿಡಿಗಳಲ್ಲಿ ಮೂರು ಪದ್ಧತಿಗಳ ಚಿತ್ರ ಕಾಣುತ್ತವೆ. ಅಂಗಾತ ಮಲಗಿಸಿ ಎರಡೂ ತೋಳನ್ನು ತಲೆಯ ಮೇಲಕ್ಕೆ ಎಳೆದು ಮತ್ತೆ ಎದೆಗೆ ಒತ್ತುವ ಸಿಲ್ವೆಸ್ಟರ್ ಪದ್ಧತಿ 1858ರದು. ಬೋರಲು ಮಲಗಿಸಿ ಬೆನ್ನಿನ ಕೆಳಭಾಗ ಒತ್ತುವ ಶೇಫರ್ ಪದ್ಧತಿ 1903ರದು. ಬೋರಲಾಗಿಸಿಯೇ ಬೆನ್ನು ಒತ್ತಿ ಮೊಣಕೈ ಎತ್ತುವ ಹೋಲ್ಗರ್ ನೀಲ್ಸನ್ ಪದ್ಧತಿ 1932ರದು. 1950ರ ದಶಕದ ಕೊನೆಗೆ ಬಾಯಿಂದ ಬಾಯಿಗೆ ಉಸಿರು ಕೊಡುವುದೇ ಇವೆಲ್ಲಕ್ಕಿಂತ ಪರಿಣಾಮಕಾರಿ ಎಂದು ಖಚಿತವಾಯಿತು; 1960ರಲ್ಲಿ ಎದೆ ಒತ್ತುವ ವಿಧಾನ ಬಂತು. ಆದರೂ ಮರುಮುದ್ರಣಗಳಲ್ಲಿ ಹಳೆಯ ಚಿತ್ರಗಳು ಹಾಗೇ ಉಳಿದುಕೊಂಡವು. ಆದ್ದರಿಂದ ನಾವು ಮುದ್ರಣದ ವರ್ಷ ನೋಡಿ ಚೀಟಿ ಅಂಟಿಸಿಲ್ಲ, ಆ ಅಧ್ಯಾಯ ತೆರೆದು ನೋಡಿ ಅಂಟಿಸಿದ್ದೇವೆ. ಮನೆಯಲ್ಲಿರುವ ಪುಸ್ತಕವನ್ನು ನೀವೂ ಹೀಗೇ ಪರೀಕ್ಷಿಸಿ: ಚಿತ್ರದಲ್ಲಿ ಮುಳುಗಿದ ಮನುಷ್ಯ ಬೋರಲಾಗಿದ್ದು, ಮೇಲೆ ಕುಳಿತವನು ಬೆನ್ನು ಒತ್ತುತ್ತಿದ್ದರೆ, ಅಥವಾ ಅಂಗಾತ ಮಲಗಿದವನ ತೋಳುಗಳನ್ನು ತಲೆಯ ಮೇಲಕ್ಕೆ ಎಳೆಯುತ್ತಿದ್ದರೆ ಅದು ಕೆಂಪು.

ಹೊಸ ಪುಸ್ತಕವಾದರೆ ಚಿಂತೆಯಿಲ್ಲ ಎನ್ನುವಂತೆಯೂ ಇಲ್ಲ. 2010ರ ನಂತರದ ಅನೇಕ ಸಾಮಾನ್ಯ ಪ್ರಥಮ ಚಿಕಿತ್ಸೆ ಪುಸ್ತಕಗಳು ಮೊದಲು ಎದೆ ಒತ್ತಿ, ಆಮೇಲೆ ಉಸಿರು ಕೊಡಿ ಎನ್ನುತ್ತವೆ. ಕೆಲವು ಎದೆ ಒತ್ತಿದರೆ ಸಾಕು ಎನ್ನುತ್ತವೆ. ಹೃದಯ ತಟ್ಟನೆ ನಿಂತು ಕುಸಿದವರ ವಿಷಯದಲ್ಲಿ ಅದು ಸರಿ, ಅವರ ರಕ್ತದಲ್ಲಿ ಆಮ್ಲಜನಕ ಇನ್ನೂ ಉಳಿದಿರುತ್ತದೆ. ಮುಳುಗಿದವರಲ್ಲಿ ಆಮ್ಲಜನಕ ಮುಗಿದೇ ಹೃದಯ ನಿಂತಿರುತ್ತದೆ. ಅಲ್ಲಿ ಉಸಿರೇ ಮೊದಲು. ಇಂಥ ಪುಸ್ತಕಗಳಿಗೆ ಹಳದಿ ಚೀಟಿ.

ತಿದ್ದುಪಡಿ ಹಾಳೆಯಲ್ಲಿರುವುದು ಇಷ್ಟು. ನೀರಿನಿಂದ ತೆಗೆದವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಇನ್ನೊಬ್ಬರಿಗೆ 108ಕ್ಕೆ ಫೋನ್ ಮಾಡಲು ಹೇಳಿ. ಉಸಿರಾಟ ಇಲ್ಲದಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಗೊರಕೆಯಂಥ ಏದುಸಿರು ಮಾತ್ರ ಇದ್ದರೆ, ಹಣೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ, ಮೂಗು ಹಿಡಿದು, ಎದೆ ಏಳುವಷ್ಟು ಐದು ಉಸಿರು ಕೊಡಿ. ಎದೆ ಏಳದಿದ್ದರೆ ತಲೆ ಸಾಕಷ್ಟು ಬಾಗಿಲ್ಲ ಎಂದರ್ಥ, ಸರಿಪಡಿಸಿ ಮತ್ತೆ ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, 2 ಉಸಿರು, ಹೀಗೇ ಮುಂದುವರಿಸಿ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಆಳ ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್, ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ. ಬಾಯಿಂದ ನೊರೆ ಬರುತ್ತಲೇ ಇರುತ್ತದೆ. ಅದನ್ನು ಒರೆಸುತ್ತ ಕೂರಬೇಡಿ, ಉಸಿರು ಕೊಡುತ್ತಿರಿ.

ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು ನಮ್ಮ ಊರುಗಳಲ್ಲಿ ಇನ್ನೂ ನಡೆದಿದೆ, ಮತ್ತು ಕೆಲವು ಪುಸ್ತಕಗಳು ಅದನ್ನೇ ಅಚ್ಚುಹಾಕಿ ಕೊಟ್ಟಿವೆ. ಒತ್ತಿದಾಗ ಹೊರಬರುವುದು ಹೊಟ್ಟೆಯಲ್ಲಿದ್ದ ನೀರು ಮತ್ತು ಅನ್ನ. ಅದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ. ನೋಡುವವರಿಗೆ ನೀರು ಬಂತು ಎಂಬ ಸಮಾಧಾನ, ಅಷ್ಟರಲ್ಲಿ ಉಸಿರಿಲ್ಲದ ನಿಮಿಷಗಳು ಕಳೆದಿರುತ್ತವೆ.

ಕೆಂಪಿಗೆ ಎರಡನೆಯ ಕಾರಣ, ನೀರೊಳಗೆ ಉಸಿರು ಹಿಡಿದು ದೂರ ಹೋಗುವ ಅಭ್ಯಾಸದ ಬಗ್ಗೆ ಕೆಲವರು ಬರೆದ ಸಲಹೆ: ಮುಳುಗುವ ಮುಂಚೆ ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡಿಕೊಳ್ಳಿ. ಹಾಗೆ ಮಾಡಿದರೆ ರಕ್ತಕ್ಕೆ ಹೆಚ್ಚಿನ ಆಮ್ಲಜನಕವೇನೂ ಸೇರುವುದಿಲ್ಲ, ಅದು ಮೊದಲೇ ಹೆಚ್ಚುಕಡಿಮೆ ತುಂಬಿರುತ್ತದೆ. ಕಡಿಮೆಯಾಗುವುದು ಇಂಗಾಲದ ಡೈಆಕ್ಸೈಡ್. ಮೇಲೆ ಬಂದು ಉಸಿರಾಡು ಎಂದು ದೇಹ ಚಡಪಡಿಸುವುದು ಮುಖ್ಯವಾಗಿ ಅದರ ಏರಿಕೆಯಿಂದ. ಆ ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ಮುಗಿದು, ಚೆನ್ನಾಗಿ ಈಜು ಬಲ್ಲ ಹುಡುಗ ಎದೆಮಟ್ಟದ ನೀರಿನಲ್ಲೇ ಸದ್ದಿಲ್ಲದೆ ಎಚ್ಚರ ತಪ್ಪುತ್ತಾನೆ. ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂಬ ಪಂದ್ಯವನ್ನು ತರಬೇತುದಾರರು ಶಿಬಿರದಲ್ಲಿ ನಡೆಸಲೇಬಾರದು.

ಡೈವಿಂಗ್ ಪುಸ್ತಕಗಳು ನಮ್ಮಲ್ಲಿ ಕಡಿಮೆ, ಆದರೆ ನೇತ್ರಾಣಿಗೋ ಮಾಲ್ವಣಕ್ಕೋ ಸ್ಕೂಬಾಕ್ಕೆಂದು ಹೋಗುವವರು ಹೆಚ್ಚುತ್ತಿದ್ದಾರೆ. ಇಲ್ಲಿ ಹಳತಾಗುವುದು, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು, ಎಷ್ಟು ನಿಧಾನವಾಗಿ ಮೇಲೇಳಬೇಕು ಎಂದು ಹೇಳುವ ಕೋಷ್ಟಕಗಳು. ಸುತ್ತಲಿನ ಒತ್ತಡ ಬೇಗ ಇಳಿದರೆ ದೇಹದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟುತ್ತದೆ. ಮೇಲೇಳುವ ವೇಗ ಬಹುಕಾಲ ನಿಮಿಷಕ್ಕೆ 18 ಮೀಟರ್ ಎಂದಿತ್ತು. ಅಮೆರಿಕದ ನೌಕಾಪಡೆಯ ಕೈಪಿಡಿ 1993ರಲ್ಲಿ ಅದನ್ನು 9 ಮೀಟರಿಗೆ ಇಳಿಸಿತು. ಈಗ ಇದರ ಜತೆಗೆ 5 ಮೀಟರ್ ಆಳದಲ್ಲಿ 3 ನಿಮಿಷ ನಿಂತು ಬರುವುದು ರೂಢಿ. 18 ಎಂದು ಬರೆದ ಪುಸ್ತಕಗಳೆಲ್ಲ ಕೆಂಪು. ಕೋಷ್ಟಕಗಳು ಸಮುದ್ರಮಟ್ಟಕ್ಕೆ ಲೆಕ್ಕಹಾಕಿದವು ಎಂಬುದನ್ನೂ ಹಾಳೆಯಲ್ಲಿ ಸೇರಿಸಿದ್ದೇವೆ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟವೇ 519.6 ಮೀಟರ್, ಸಮುದ್ರದ ಕೋಷ್ಟಕ ಅಲ್ಲಿ ಹಾಗೇ ನಡೆಯುವುದಿಲ್ಲ. ಬೆಳಗಾವಿಯ ಸದಸ್ಯರು ಇದನ್ನು ಮುಖ್ಯವಾಗಿ ಗಮನಿಸಬೇಕು: ಡೈವ್ ಮುಗಿಸಿ 600 ಮೀಟರಿಗಿಂತ ಎತ್ತರಕ್ಕೆ ಹೋಗುವ ಮುಂಚೆ, ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಆಗಿದ್ದರೆ 18 ಗಂಟೆ ಕಾಯಬೇಕೆಂಬುದು ವಿಮಾನ ಹತ್ತುವವರಿಗೆ ಹೇಳುವ ಲೆಕ್ಕ. ನಿಮ್ಮ ಊರು ಆ ಎತ್ತರವನ್ನು ಮೀರಿದೆ. ಮಧ್ಯಾಹ್ನ ಮಾಲ್ವಣದಲ್ಲಿ ಡೈವ್ ಮಾಡಿ ಸಂಜೆ ಘಾಟ್ ಏರಬೇಡಿ, ರಾತ್ರಿ ಕರಾವಳಿಯಲ್ಲೇ ಉಳಿಯಿರಿ.

ಸ್ಪರ್ಧೆಯ ನಿಯಮಗಳು ಹಳತಾದ ಪುಸ್ತಕಗಳಿಗೆ ಹಳದಿ ಸಾಕು. ಬ್ಯಾಕ್‌ಸ್ಟ್ರೋಕ್‌ನಲ್ಲಿ ತಿರುಗುವಾಗ ಗೋಡೆಗೆ ಕೈ ತಾಗಿಸಬೇಕೆಂಬ ನಿಯಮ 1991ರಲ್ಲೇ ಹೋಯಿತು.

ನೀರಿನ ಜೀವಿಗಳ ಪುಸ್ತಕಗಳಿಗೆ ಈ ಲೆಕ್ಕ ತಿರುಗುಮುರುಗು: ಹಳತಾದಷ್ಟೂ ಬೆಲೆ ಹೆಚ್ಚು. ಅಣೆಕಟ್ಟಿಗೆ ಮುಂಚೆ, ಹರಿಯುವ ಕೃಷ್ಣೆ ಮತ್ತು ಘಟಪ್ರಭೆಯಲ್ಲಿ ಯಾವ ಮೀನು ಇತ್ತು ಎಂದು ತಿಳಿಯಲು ಬೇರೆ ದಾರಿ ಕಡಿಮೆ. ಕಾಟ್ಲಾದಂಥ ಮೀನುಗಳ ವೈಜ್ಞಾನಿಕ ಹೆಸರು ಬದಲಾಗಿದೆ, ಅದಕ್ಕೆ ಪೆನ್ಸಿಲ್ಲಿನಲ್ಲಿ ಬರೆದರೆ ಸಾಕು. ಒಂದು ಅಪವಾದ: ಆಫ್ರಿಕನ್ ಕ್ಯಾಟ್‌ಫಿಷ್ ಸಾಕುವುದು ಲಾಭದಾಯಕ ಎಂದು ಹೇಳುವ ಮೀನುಕೃಷಿ ಪುಸ್ತಕಗಳು. ಆ ಮೀನಿನ ಸಾಕಣೆಗೆ ನಮ್ಮಲ್ಲಿ ನಿಷೇಧವಿದೆ; ಅವಕ್ಕೆ ಕೆಂಪು.

ಈ ಮೀನಿನ ಪುಸ್ತಕಗಳೇ ಒದ್ದೆಯಾಗಿ ಹೆಚ್ಚು ಹಾಳಾಗುವುದು. ಬಣ್ಣದ ಚಿತ್ರಗಳಿರುವ ನುಣುಪು ಕಾಗದಕ್ಕೆ ಜೇಡಿಮಣ್ಣಿನ ಲೇಪ ಇರುತ್ತದೆ. ನೆನೆದು ಹಾಗೇ ಒಣಗಿದರೆ ಪುಟಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗುತ್ತವೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತುಬರುತ್ತದೆ. ಆದ್ದರಿಂದ ಈಜುಕೊಳಕ್ಕೆ ಪುಸ್ತಕ ಒಯ್ಯುವ ಬದಲು, ಬೇಕಾದ ಪುಟಗಳ ತಿರುಳನ್ನು ಬರೆದು ಲ್ಯಾಮಿನೇಟ್ ಮಾಡಿದ ಕಾರ್ಡುಗಳನ್ನು ಇನ್ನು ಮುಂದೆ ಶಿಬಿರಗಳಿಗೆ ಎರವಲು ಕೊಡುತ್ತೇವೆ. ತಿದ್ದುಪಡಿ ಹಾಳೆಯ ಕಾರ್ಡು ಉಚಿತ; ಬಾವಿಯ ಕಟ್ಟೆಗೆ ತೂಗುಹಾಕಲು ಒಂದು ತೂತು ಇದೆ, ಜತೆಗೊಂದು ಹಗ್ಗವನ್ನೂ ತೂಗುಹಾಕಿ.

ನಿಮ್ಮಲ್ಲಿರುವ ನಮ್ಮ ಕೆಂಪು ಪಟ್ಟಿಯ ಪುಸ್ತಕಗಳನ್ನು ಮಾರ್ಚ್ ಮುಗಿಯುವುದರೊಳಗೆ ಮರಳಿಸಿ, ತಡವಾಗಿದ್ದರೂ ದಂಡ ಇಲ್ಲ. ನಿಮ್ಮದೇ ಸ್ವಂತ ಪುಸ್ತಕ ತಂದರೂ ಹಾಳೆ ಅಂಟಿಸಿಕೊಡುತ್ತೇವೆ. ಸಾದಾ ಕಾಗದದ ಪುಸ್ತಕ ನೆನೆದಿದ್ದರೆ ನೆಟ್ಟಗೆ ನಿಲ್ಲಿಸಿ, ಪುಟ ಬಿಡಿಸಿ, ಫ್ಯಾನಿನ ಗಾಳಿಗೆ ಇಡಿ; ಬಿಸಿಲಿಗೆ ಬೇಡ. ಎರಡು ದಿನ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ನುಣುಪು ಕಾಗದದ್ದಾದರೆ ಪುಟ ಬಿಡಿಸಲು ಹೋಗದೆ, ಒಣಗಿಸದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಐಸ್ ಖಾನೆಯಲ್ಲಿಟ್ಟು, ಅನುಕೂಲವಾದ ದಿನ ಹಾಗೇ ತಂದುಕೊಡಿ.

ಆಡಳಿತ ಮಂಡಳಿಯ ಪರವಾಗಿ,
ಕಾರ್ಯದರ್ಶಿ