ಮೇಡಂ, ಈ ಧನ್ಯವಾದ ಮೊದಲು ನಿಮಗೆ

ನಮ್ಮ ಹೊಸ ಪೇಮೆಂಟ್ ಸಿಸ್ಟಂಗೆ ಇವತ್ತಿಗೆ ಒಂದು ವರ್ಷ ತುಂಬಿತು. ಶುಭಾಶಯ ಹೇಳಿದ ಎಲ್ಲರಿಗೂ ಧನ್ಯವಾದ. ಮೊದಲ ವಾರ ಹೇಗಿತ್ತು ಅನ್ನೋದು ಮಾತ್ರ ಒಳಗಿದ್ದವರಿಗೇ ಗೊತ್ತು. ಆ ವಾರ ನಮ್ಮನ್ನು ದಾಟಿಸಿದವರು ನಮ್ಮ ಟೀಮ್ ಲೀಡ್ ಮೇಡಂ.

ಸಿಸ್ಟಂ ಶುರುವಾದ ರಾತ್ರಿಯೇ ಕೆಲವು ಗ್ರಾಹಕರಿಗೆ ಒಂದೇ ಬಿಲ್‌ಗೆ ಎರಡು ಸಲ ಹಣ ಕಡಿತವಾಯಿತು. ಬೆಳಿಗ್ಗೆ ಮೀಟಿಂಗ್‌ನಲ್ಲಿ ಮೇಲಿನವರು ಕೇಳಿದ ಮೊದಲ ಪ್ರಶ್ನೆ, "ಈ ಕೋಡ್ ಬರೆದವರು ಯಾರು?" ಮೇಡಂ ಹೇಳಿದರು: "ಟೆಸ್ಟಿಂಗ್ ಇಷ್ಟು ಸಾಕು ಅಂತ ಒಪ್ಪಿಗೆ ಕೊಟ್ಟವಳು ನಾನು. ಏನಿದ್ದರೂ ನನ್ನನ್ನೇ ಕೇಳಿ." ಆಮೇಲೆ ಯಾರ ಹೆಸರೂ ಬರಲಿಲ್ಲ.

ಅದರಿಂದ ಏನಾಯಿತು ನೋಡಿ. ಆಗಷ್ಟೇ ಟೀಮ್ ಸೇರಿದ್ದ ಹುಡುಗನೊಬ್ಬ ಮಧ್ಯಾಹ್ನ ತಾನಾಗಿಯೇ ಬಂದ. ಬ್ಯಾಂಕಿನಿಂದ ಉತ್ತರ ತಡವಾದರೆ ನಮ್ಮ ಸಿಸ್ಟಂ ಅದೇ ಕೋರಿಕೆಯನ್ನು ಮತ್ತೆ ಕಳಿಸುತ್ತೆ, ಆದರೆ ಪ್ರತಿ ಸಲ ಹೊಸ ನಂಬರ್ ಹಾಕುತ್ತಿದೆ, ಅದಕ್ಕೇ ಬ್ಯಾಂಕ್ ಅದನ್ನು ಬೇರೆ ಪಾವತಿ ಅಂದುಕೊಳ್ಳುತ್ತಿದೆ ಅಂದ. ಆ ಭಾಗ ಬರೆದವನು ಅವನೇ. ಬೈಗುಳದ ಭಯ ಇದ್ದಿದ್ದರೆ ಇಷ್ಟು ಬೇಗ ಬಾಯಿ ಬಿಡುತ್ತಿದ್ದನಾ? ಸಂಜೆಯೊಳಗೆ ಸರಿಮಾಡಿದೆವು. ಹಣ ವಾಪಸ್ ಹೋಗಬೇಕಾದವರ ಪಟ್ಟಿಯನ್ನು ಮೇಡಂ ನಮ್ಮ ಜೊತೆ ಕೂತು ಒಂದೊಂದಾಗಿ ನೋಡಿದರು. ಜಾಸ್ತಿ ಸಿಟ್ಟಾಗಿದ್ದವರ ಫೋನ್‌ಗಳನ್ನು ತಾವೇ ತೆಗೆದುಕೊಂಡರು. ಹೊಣೆ ನನ್ನದು ಅಂತ ಸುಮ್ನೆ ಹೇಳಿ ಎದ್ದು ಹೋಗುವವರೂ ಇರುತ್ತಾರೆ, ಅಲ್ವಾ?

1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿದ್ದಾಗ ಪತ್ರಕರ್ತರ ಮುಂದೆ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಅದೇ ಸರಣಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗ ಅವರು ಮಾತನಾಡಲು ಮುಂದೆ ಕಳಿಸಿದ್ದು ಯೋಜನೆ ನಡೆಸಿದ್ದ ಅಬ್ದುಲ್ ಕಲಾಂ ಅವರನ್ನು. ಕಲಾಂ ಇದನ್ನು ಎಷ್ಟೋ ಸಲ ನೆನೆದಿದ್ದಾರೆ. ಅಷ್ಟು ದೊಡ್ಡವರಿಗೆ ಮಾತ್ರ ಸಾಧ್ಯ ಅಂದುಕೊಂಡಿದ್ದೆ ನಾನು. ಮೊನ್ನೆ ವರ್ಷದ ವರದಿ ಒಪ್ಪಿಸುವಾಗ ಮೇಡಂ ಮೈಕ್ ಕೊಟ್ಟಿದ್ದು ಆ ಹುಡುಗನಿಗೆ.

ರಾತ್ರಿಯಿಡೀ ಕರೆಗಳಿಗೆ ಉತ್ತರಿಸಿದ ಸಪೋರ್ಟ್ ಟೀಮ್‌ಗೂ, ಆ ವಾರ ನಮ್ಮನ್ನು ಸಹಿಸಿಕೊಂಡ ಮನೆಯವರಿಗೂ ಮನಸಾರೆ ಧನ್ಯವಾದ.

ಮೇಡಂ, ಹೆಸರು ಹಾಕಬೇಡ ಅಂದಿರಿ, ಹಾಕಿಲ್ಲ. ಮುಂದಿನ ತಿಂಗಳಿಂದ ನನಗೂ ಒಂದು ಚಿಕ್ಕ ಟೀಮ್ ಕೊಡುತ್ತಿದ್ದಾರೆ. ಅದಕ್ಕೆ ಮುಂಚೆ ನಿಮ್ಮ ಹತ್ತಿರ ಸ್ವಲ್ಪ ಹೊತ್ತು ಕೂತು ಕೇಳಬೇಕಾದ್ದು ತುಂಬಾ ಇದೆ.