ಜುಸೆಪ್ಪೆ ಬಿನ್ ಗೊತ್ತಿಲ್ಲ

ಮಂಜ,

ನಿನ್ನ ಏಳು ಧ್ವನಿಸಂದೇಶಗಳನ್ನೂ ಕೇಳಿದೆ. ಆರರಲ್ಲಿ ಇರುವುದು ನಿನ್ನ ಸ್ಕೂಟರಿನ ಸದ್ದು. ಏಳನೆಯದರಲ್ಲಿ "ನಿನ್ನ ಇಟಲಿಯ ಕಥೆ ನನಗೊಬ್ಬನಿಗೆ ಯಾಕೆ, ಎಲ್ಲರಿಗೂ ಕಾಣುವ ಹಾಗೆ ಬರೆ" ಎಂದಿದ್ದೀಯ. ಬರೆಯುತ್ತಿದ್ದೇನೆ. ಓದುವ ಉಳಿದವರಿಗೂ ನಮಸ್ಕಾರ. ಕೆಂಪು ಬಕೆಟ್ಟಿನ ವಿಷಯ ಇದರಲ್ಲಿ ಬರುವುದಿಲ್ಲ, ಗಾಬರಿಯಾಗಬೇಡ.

ಫ್ಲಾರೆನ್ಸಿನಲ್ಲಿ ನನ್ನ ಶನಿವಾರಗಳು ಈಚೆಗೆ ಸತ್ತವರ ಪಾಲಾಗಿವೆ. ಶುರುವಾದದ್ದು 2024ರ ದೀಪಾವಳಿಯ ಹೊತ್ತಿಗೆ. ನಮ್ಮ ಮನೆಯೊಡತಿ ಸಿನ್ಯೋರಾ ಗೊತ್ತಲ್ಲ, ನಾನು ಸಾಸಿವೆ ಸಿಡಿಸಿದಾಗಲೆಲ್ಲ ಮಹಡಿಯಿಂದ ಇಳಿದು ಬಂದು ಒಲೆ ನೋಡುವವರು, ಅವರ ದೂರದ ಸಂಬಂಧಿಯೊಬ್ಬ ಬ್ರೆಜಿಲಿನಲ್ಲಿದ್ದಾನೆ. ಅವನ ಮುತ್ತಜ್ಜ ಇಲ್ಲಿಂದ ಹಡಗು ಹತ್ತಿ ಸಾವೊ ಪಾವ್ಲೊದ ಕಾಫಿ ತೋಟಕ್ಕೆ ಹೋದವನು. ಆ ಮುತ್ತಜ್ಜನ ಕಾಗದ ಸಿಕ್ಕರೆ ಇಟಲಿಯ ಪೌರತ್ವಕ್ಕೆ ಅರ್ಜಿ ಹಾಕಬಹುದು ಎಂದು ಇವರಿಗೆ ಬರೆದ. ಸಿನ್ಯೋರಾಗೆ ಕಣ್ಣಿನ ಪೊರೆ. ನನಗೆ ಹಳೆಯ ಕೈಬರಹವೆಂದರೆ ಭಯವಿಲ್ಲ. ತಾಲ್ಲೂಕು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಅರ್ಜಿ ಬರೆದು ಸಂಸಾರ ನಡೆಸಿದವರ ಮಗ ನಾನು. ಹಳೆಯ ಪಹಣಿ ಓದಿದವನಿಗೆ ಪಾದ್ರಿಯ ಲ್ಯಾಟಿನ್ ಯಾವ ಲೆಕ್ಕ ಎಂದು ಒಪ್ಪಿಕೊಂಡೆ. ಬಾಡಿಗೆಯಲ್ಲಿ ಏನಾದರೂ ಕಡಿಮೆಯಾದೀತು ಎಂಬ ಆಸೆಯೂ ಇತ್ತು. ಆಗಲಿಲ್ಲ.

ಇಲ್ಲಿ ಸತ್ತವರನ್ನು ಹುಡುಕಲು ಎರಡು ಬಾಗಿಲು. 1866ರಿಂದ ಈಚೆಗಾದರೆ ಪುರಸಭೆಯ ಕಚೇರಿ. ದೇಶ ಒಂದಾದ ಮೇಲೆ ಹುಟ್ಟು, ಮದುವೆ, ಸಾವು ಮೂರನ್ನೂ ಸರ್ಕಾರವೇ ಬರೆದಿಡಲು ಶುರುಮಾಡಿತು. ಅದಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ಹೆಚ್ಚಿನ ಮಟ್ಟಿಗೆ ಚರ್ಚೇ ಗತಿ. 1563ರಲ್ಲಿ ಟ್ರೆಂಟಿನ ಧರ್ಮಸಭೆ, ಪ್ರತಿ ಊರಿನ ಗುರುಗಳು ಜ್ಞಾನಸ್ನಾನ ಮತ್ತು ಮದುವೆಯ ಪುಸ್ತಕ ಇಡಲೇಬೇಕು ಎಂದು ವಿಧಿಸಿತು. ಫ್ಲಾರೆನ್ಸಿನವರು ಅದಕ್ಕೂ ಮುಂದಿದ್ದರು. ಊರಿನ ಮಕ್ಕಳಿಗೆಲ್ಲ ದೊಡ್ಡ ಚರ್ಚಿನ ಎದುರಿನ ಸಾನ್ ಜೊವಾನ್ನಿಯಲ್ಲೇ ಜ್ಞಾನಸ್ನಾನ, ಅದರ ಪುಸ್ತಕ 1450ರಿಂದ ಇದೆ. ಪುಸ್ತಕಕ್ಕೆ ಮೊದಲು ಏನು ಮಾಡುತ್ತಿದ್ದರು ಎನ್ನುತ್ತೀಯ? ಗಂಡು ಕೂಸಾದರೆ ಒಂದು ಕಪ್ಪು ಕಾಳು, ಹೆಣ್ಣಾದರೆ ಒಂದು ಬಿಳಿ ಕಾಳು ತೆಗೆದಿಡುತ್ತಿದ್ದರಂತೆ, ನಮ್ಮ ಅವರೆಗೆ ದಾಯಾದಿಯಂತಿರುವ ಕಾಳು. ವರ್ಷದ ಕೊನೆಗೆ ಎಣಿಸಿದರೆ ಮುಗಿಯಿತು. 14ನೆಯ ಶತಮಾನದ ಚರಿತ್ರೆಕಾರ ಜೊವಾನ್ನಿ ವಿಲ್ಲಾನಿ ಬರೆದಿಟ್ಟ ಮಾತು ಇದು. ಎಣಿಸಿದ ಮೇಲೆ ಆ ಕಾಳನ್ನು ಏನು ಮಾಡುತ್ತಿದ್ದರು ಎಂದು ಅವನು ಹೇಳಿಲ್ಲ. ನಮ್ಮ ಹಾಸ್ಟೆಲಿನ ಭಟ್ಟರಾಗಿದ್ದರೆ ಸಾರು ಮಾಡುತ್ತಿದ್ದರು.

ಈ ಕಾಗದಗಳಲ್ಲಿ ನನಗೆ ಎಲ್ಲಕ್ಕಿಂತ ಮೊದಲು ಪರಿಚಯವಾದ ಪದ "ಫು". 'ಆಂಜೊಲೊ ದಿ ಲುಯಿಜಿ' ಎಂದರೆ ಲುಯಿಜಿಯ ಮಗ ಆಂಜೊಲೊ. 'ಆಂಜೊಲೊ ಫು ಲುಯಿಜಿ' ಎಂದರೆ ಅಪ್ಪ ತೀರಿಕೊಂಡಿದ್ದಾನೆ. ಓದಿದ ಕೂಡಲೇ ನಕ್ಕುಬಿಟ್ಟೆ. ಅಪ್ಪನ ಟ್ರಂಕಿನಲ್ಲಿದ್ದ ಅರ್ಜಿಗಳಲ್ಲೆಲ್ಲ ಇದೇ ಅಲ್ಲವೇನೋ, 'ಬಿನ್', 'ಬಿನ್ ಲೇಟ್'! ಎರಡಕ್ಷರದಲ್ಲಿ ಒಬ್ಬನನ್ನು ತಬ್ಬಲಿ ಮಾಡುವ ವಿದ್ಯೆ ಗುಮಾಸ್ತರಿಗೆ ಎಲ್ಲ ದೇಶದಲ್ಲೂ ಗೊತ್ತಿದೆ.

ಬ್ರೆಜಿಲಿನವನ ಮುತ್ತಜ್ಜ ಸುಲಭವಾಗಿ ಸಿಕ್ಕ. ಮುಜೆಲ್ಲೊ ಕಣಿವೆಯ ಒಂದು ಹಳ್ಳಿ, 1872ರ ಜನನ ಪುಸ್ತಕ, ತಂದೆ ಜುಸೆಪ್ಪೆ ನೊಚೆಂತೀನಿ. ಹಾಗೆ ಸಿಕ್ಕ ಕೆಲವೇ ವಾರಕ್ಕೆ, 2025ರ ಮಾರ್ಚ್ ಕೊನೆಯಲ್ಲಿ, ಸರ್ಕಾರ ಸುಗ್ರೀವಾಜ್ಞೆ ತಂದು ಅಪ್ಪ, ಅಮ್ಮ, ಅಜ್ಜ, ಅಜ್ಜಿಯಿಂದಾಚೆಗಿನ ನಂಟು ಪೌರತ್ವಕ್ಕೆ ಸಾಲದು ಎಂದುಬಿಟ್ಟಿತು. ಮುತ್ತಜ್ಜ ರದ್ದಾದ. ಬ್ರೆಜಿಲಿನವನು ಅಳುವ ಮುಖದ ಚಿತ್ರವೊಂದನ್ನು ಕಳಿಸಿ ಸುಮ್ಮನಾದ.

ಸಿನ್ಯೋರಾ ಸುಮ್ಮನಾಗಲಿಲ್ಲ. ಬ್ರೆಜಿಲಿನವನ ಮುತ್ತಜ್ಜನ ತಂದೆ ಆ ಜುಸೆಪ್ಪೆ, ಇವರಿಗೆ ಮುತ್ತಜ್ಜ. ಅವನ ಹಿಂದೆ ಯಾರೋ ಒಬ್ಬ ಕೌಂಟ್ ಇದ್ದಾನೆ, ಆಸ್ತಿ ಜೂಜಿನಲ್ಲಿ ಹೋಯಿತು ಎಂಬುದು ಅವರ ಮನೆಯ ಪುರಾಣ. (ಇಟಲಿಯಲ್ಲಿ ಪ್ರತಿ ಮನೆಗೂ ಒಬ್ಬ ಜೂಜುಕೋರ ಕೌಂಟ್ ಇದ್ದಾನೆ, ನಮ್ಮಲ್ಲಿ ಪ್ರತಿ ಮನೆಗೂ ಪಾಳೇಗಾರರ ಕಡೆಯ ಒಬ್ಬ ಅಜ್ಜ ಇರುವಂತೆ.) ಕೌಂಟನನ್ನು ಹುಡುಕು ಎಂದರು. ಹೊರಟೆ.

ಆ ಹಳ್ಳಿಯ ಗುರುಮನೆಯಲ್ಲಿ ಒಂದು ಬೀರು. ಗುರುಗಳಿಗೆ ನಾಲ್ಕು ಊರಿನ ಚರ್ಚ್, ಸಿಗುವುದೇ ಕಷ್ಟ. ಮೂರು ಸಲ ಫೋನು ಮಾಡಿ, ಒಂದು ಸಲ ಬಸ್ಸಿನಲ್ಲಿ ಹೋಗಿ ಬೀಗ ನೋಡಿ ವಾಪಸ್ಸಾದೆ. ಅದರ ಮುಂದಿನ ಸಲ ಪುಸ್ತಕ ಮೇಜಿಗೆ ಬಂತು. ಅದರ ಹೆಸರು 'ಆತ್ಮಗಳ ಸ್ಥಿತಿ'. ಪ್ರತಿ ಈಸ್ಟರಿಗೆ ಮುಂಚೆ ಗುರುಗಳು ಮನೆಮನೆಗೆ ಹೋಗಿ ಯಾರಿದ್ದಾರೆ, ಎಷ್ಟು ವಯಸ್ಸು ಎಂದು ಬರೆದುಕೊಳ್ಳುತ್ತಿದ್ದ ಪುಸ್ತಕ. ಒಬ್ಬ ಒಕ್ಕಲು ಕುಟುಂಬದ ಪಟ್ಟಿಯ ತುದಿಯಲ್ಲಿ, ಮಕ್ಕಳೆಲ್ಲ ಮುಗಿದ ಮೇಲೆ, ಸ್ವಲ್ಪ ಬಿಟ್ಟು ಬರೆದಿತ್ತು: ಜುಸೆಪ್ಪೆ, ಇನ್ನೊಚೆಂತಿಯವನು, 6.

ಇನ್ನೊಚೆಂತಿ ನನ್ನ ಮನೆಯಿಂದ ಹದಿನೈದು ನಿಮಿಷದ ನಡಿಗೆ. ನೀನು ಬಂದಿದ್ದಾಗ ಅದರ ಮೆಟ್ಟಿಲ ಮೇಲೆ ಕುಳಿತೇ ಪುಳಿಯೋಗರೆ ತಿಂದದ್ದು. ಹೆಸರಾಂತ ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ವಿನ್ಯಾಸ ಮಾಡಿದ ಕಮಾನುಗಳು, ಮೇಲೆ ನೀಲಿ ಬಳೆಯೊಳಗೆ ಬಟ್ಟೆ ಸುತ್ತಿದ ಮಣ್ಣಿನ ಕೂಸುಗಳು. ಚೆಂದ ಎಂದು ಫೋಟೊ ತೆಗೆದೆವು. ಅದು ಬಿಟ್ಟುಹೋದ ಮಕ್ಕಳ ಆಸ್ಪತ್ರೆ. 1445ರ ಫೆಬ್ರವರಿ 5ರಂದು ಮೊದಲ ಕೂಸು ಬಂತು, ಹೆಣ್ಣು. ಅಂದು ಸಂತ ಆಗಾತಾಳ ಹಬ್ಬವಾದ್ದರಿಂದ ಆಗಾತಾ ಎಂದು ಹೆಸರಿಟ್ಟರು. ಕಮಾನಿನ ಕೊನೆಯಲ್ಲಿ ಕಂಬಿ ಹಾಕಿದ ಕಿಟಕಿ. ಎಳೆಗೂಸು ಮಾತ್ರ ತೂರುವಷ್ಟು ಕಂಡಿ, ದೊಡ್ಡ ಮಕ್ಕಳನ್ನು ತಂದು ಬಿಡಬಾರದಲ್ಲ. 1875ರಲ್ಲಿ ಅದನ್ನು ಮುಚ್ಚಿದರು. ಒಳಗೆ ಬಂದ ಕೂಸುಗಳನ್ನು ಹಾಲೂಡಿಸಲು ಹಳ್ಳಿಯ ಹೆಂಗಸರಿಗೆ ಕಳಿಸುತ್ತಿದ್ದರು, ಮುಜೆಲ್ಲೊಗೂ. ನೊಚೆಂತೀನಿ, ಇನ್ನೊಚೆಂತಿ ಎಂಬ ಅಡ್ಡಹೆಸರುಗಳ ಬೇರು ಅಲ್ಲಿದೆ. ನೇಪಲ್ಸಿನಲ್ಲಿ ಅದೇ ಎಸ್ಪೊಸಿತೊ, 'ಹೊರಗೆ ಇಟ್ಟದ್ದು'. ರೋಮಿನಲ್ಲಿ ಪ್ರೊಯೆತ್ತಿ, 'ಎಸೆದದ್ದು'.

ಕೂಸು ಬಂದ ದಿನ, ಹೊತ್ತು, ಮೈಮೇಲೆ ಏನಿತ್ತು, ಎಲ್ಲವನ್ನೂ ಬರೆಯುತ್ತಿದ್ದರು. ನಮ್ಮ ಜುಸೆಪ್ಪೆ ಬಂದದ್ದು ರಾತ್ರಿ. ಸುತ್ತಿದ್ದು ನೀಲಿ ಗೆರೆಯ ಹಳೆಯ ಬಟ್ಟೆ. ಕೊರಳಲ್ಲಿ ದಾರ, ದಾರದಲ್ಲಿ ಅರ್ಧ ಪದಕ. ಉಳಿದರ್ಧ ತಾಯಿಯ ಬಳಿ ಇರುತ್ತಿತ್ತು, ಎಂದಾದರೂ ವಾಪಸ್ಸು ಬಂದರೆ ಗುರುತಿಗೆ. ಅಲ್ಲಿನ ಮ್ಯೂಸಿಯಮಿನಲ್ಲಿ ಇಂಥವನ್ನು ಪುಟ್ಟ ಪುಟ್ಟ ಡ್ರಾಯರುಗಳಲ್ಲಿ ಇಟ್ಟಿದ್ದಾರೆ, ಒಂದೊಂದನ್ನೇ ಎಳೆದು ನೋಡಬೇಕು. ಅರ್ಧ ನಾಣ್ಯ, ಅರ್ಧ ಶಿಲುಬೆ, ಗಾಜಿನ ಮಣಿ. ಹನ್ನೊಂದು ಎಳೆದೆ. ಆಮೇಲೆ ಕೈ ಬರಲಿಲ್ಲ.

ಸಿನ್ಯೋರಾಗೆ ಹೇಳಿದೆ. ಕಾಫಿ ಬಸಿದು, ಸಕ್ಕರೆ ಹಾಕಿ, ಬಹಳ ಹೊತ್ತು ಕದಡಿದರು. ಕೊನೆಗೆ, "ಅಂತೂ ಬ್ರುನೆಲ್ಲೆಸ್ಕಿ ಕಟ್ಟಿದ ಮನೆಯಿಂದ ಬಂದವನು" ಎಂದರು. ಕೌಂಟನ ಮಾತು ಮತ್ತೆ ಎತ್ತಿಲ್ಲ.

ಇಲ್ಲಿಗೆ ಮುಗಿಸಬೇಕು ಎಂದುಕೊಂಡಿದ್ದೆ. ಆದರೆ ಆ ಹಳ್ಳಿಯ ಪುಸ್ತಕದಲ್ಲಿ ಇನ್ನೊಂದನ್ನು ನೋಡಿದೆ. ಒಂದೇ ಅಪ್ಪ ಅಮ್ಮನಿಗೆ ಆರು ವರ್ಷದಲ್ಲಿ ಮೂವರು ಆಂಜೊಲೊ. ಗುಮಾಸ್ತನ ತಪ್ಪಲ್ಲ. ಮೊದಲ ಆಂಜೊಲೊ ಸತ್ತ, ಹೆಸರು ಎರಡನೆಯವನಿಗೆ ಬಂತು. ಅವನೂ ಸತ್ತ, ಮೂರನೆಯವನಿಗೆ ಬಂತು. ಅಜ್ಜನ ಹೆಸರು, ಹಾಳಾಗಬಾರದು. ಹೋದ ಕೂಸಿನ ಹೆಸರನ್ನೇ ಬಂದ ಕೂಸಿಗೆ ತೊಡಿಸಿದ್ದಾರೆ. ನಮ್ಮ ಕಡೆಯಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಸಾವು ಹೇಸಿಕೊಂಡು ಮುಟ್ಟದೆ ಹೋಗುವಂಥ ಹೆಸರು ಹುಡುಕುತ್ತಿದ್ದರು.

ಹಾಸ್ಟೆಲಿನಲ್ಲಿ ನಿನಗೆ ಹೇಳಿದ್ದು ಸುಳ್ಳು ಕಣೋ. ನನಗೆ ತಿಪ್ಪೇಸ್ವಾಮಿ ಎಂದು ಇಟ್ಟದ್ದು ನಾಯಕನಹಟ್ಟಿಯ ಸ್ವಾಮಿಯ ಹರಕೆಯಿಂದಲ್ಲ. ನನಗಿಂತ ಮುಂಚೆ ಎರಡು ಹೋಗಿದ್ದವು. ನಾನು ಹುಟ್ಟಿದ ಮೇಲೆ ಅಮ್ಮ ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟು ಬಂದಳು. ಓಣಿಯ ಈರಮ್ಮಜ್ಜಿ, "ತಿಪ್ಪೆಯಲ್ಲಿ ಯಾರದೋ ಕೂಸು ಬಿದ್ದಿತ್ತು, ಬೇಕೇನೇ?" ಎಂದು ಕೇಳಿಕೊಂಡು ಬಾಗಿಲಿಗೆ ಬಂದಳು. ಅಮ್ಮ ಒಂದು ಮೊರ ರಾಗಿ ಅಳೆದುಕೊಟ್ಟು ನನ್ನನ್ನು ಕೊಂಡಳು. ಮೊದಲ ವರ್ಷ ಹಾಸ್ಟೆಲಿನ ಊಟದ ಸಾಲಿನಲ್ಲಿ ನನ್ನ ಹೆಸರು ಕೂಗಿದಾಗ ಯಾರೋ ಮೂಗು ಮುಚ್ಚಿಕೊಂಡರಲ್ಲ, ಎಲ್ಲರೂ ನಕ್ಕರಲ್ಲ, ನೀನೂ ನಕ್ಕೆ. ನಾನು ನಿಮ್ಮೆಲ್ಲರಿಗಿಂತ ಜೋರಾಗಿ ನಕ್ಕೆ. ಆ ರಾತ್ರಿಯೇ ಹಟ್ಟಿ ಸ್ವಾಮಿಯ ಕಥೆ ಕಟ್ಟಿದ್ದು. ಹೊರದೇಶದವರ ಬಾಯಿಗೆ ಹೊಂದುವುದಿಲ್ಲ ಎಂದು ಆಮೇಲೆ ನೋಟರಿ, ಪತ್ರಿಕೆ ಜಾಹೀರಾತು, ಗೆಜೆಟ್ ಎಲ್ಲ ಮಾಡಿಸಿ ತೇಜಸ್ ಆದದ್ದಕ್ಕೂ ಆ ರಾತ್ರಿಯೇ ಕಾರಣ. ಅಂದು ಅಮ್ಮ ಕೇಳಿದ್ದು ಒಂದೇ, "ಹಾಗಾದರೆ ನನ್ನ ರಾಗಿ ವಾಪಸ್ ಕೊಡಿಸುತ್ತೀಯಾ?" ಇಬ್ಬರೂ ನಕ್ಕಿದ್ದೆವು. ಅವಳು ನಕ್ಕಳು ಎಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ.

ಡ್ರಾಯರು ಮುಚ್ಚಿದ ಸಂಜೆ ಅಮ್ಮನಿಗೆ ಫೋನು ಮಾಡಿ, ನನಗಿಂತ ಮುಂಚಿನವರಿಗೆ ಹೆಸರು ಇಟ್ಟಿದ್ದಿರಾ ಎಂದು ಕೇಳಿದೆ. ಮೂವತ್ತೆಂಟು ವರ್ಷಕ್ಕೆ ಮೊದಲ ಸಲ ಕೇಳಿದ್ದು. ಆ ಕಡೆ ಕುಕ್ಕರ್ ಎರಡು ಸಲ ಕೂಗಿತು. "ಎರಡನೆಯದು ಎಂಟೇ ದಿನ. ಹೆಸರಿಡುವವರೆಗೆ ಉಳಿಯಲಿಲ್ಲ. ಮೊದಲನೆಯವನಿಗೆ ಇಟ್ಟಿದ್ದೆವು" ಎಂದು ಹೆಸರು ಹೇಳಿದಳು. ಹೇಳಿದ ಕೂಡಲೇ, "ಅಲ್ಲಿ ಚಳಿಯಂತೆ, ಸ್ವೆಟರ್ ಹಾಕಿಕೊಂಡಿದ್ದೀಯಾ?" ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿನಗೆ ಬೇಕಾದರೆ ಫೋನಿನಲ್ಲಿ ಹೇಳುತ್ತೇನೆ, ಸ್ಕೂಟರ್ ನಿಲ್ಲಿಸಿದ್ದರೆ.

ಸಾಕು, ಇದೇನು ಧಾರಾವಾಹಿಯಾಯಿತು. ನಗುವ ಸಂಗತಿ ಹೇಳುತ್ತೇನೆ ಕೇಳು. ಹೊರದೇಶದವರ ನಾಲಿಗೆಗೆ ಸುಲಭವಾಗಲಿ ಎಂದು ಗೆಜೆಟ್ಟಿಗೆ ದುಡ್ಡು ಸುರಿದು ಕೊಂಡ ಹೆಸರು ಇಲ್ಲಿ ಯಾರಿಗೂ ಬರುವುದಿಲ್ಲ. ಇಂಗ್ಲಿಷಿನ ಜೆ ಅಕ್ಷರವನ್ನು ಇವರು ಯ ಎಂದು ಓದುತ್ತಾರೆ. ಆರು ವರ್ಷದಿಂದ ನಾನು ತೇಯಾಸ್. ಅದೇ ತಿಪ್ಪೆ? ಜುಸೆಪ್ಪೆ, ಪೆಪ್ಪೆ, ಬೆಪ್ಪೆ ಎಂದು ದಿನವೆಲ್ಲ ಒತ್ತಕ್ಷರ ಒತ್ತುವ ಜನ. ಮೊನ್ನೆ ಕಾಫಿ ಅಂಗಡಿಯಲ್ಲಿ ಹೆಸರು ಕೇಳಿದಾಗ ಸುಮ್ಮನೆ 'ತಿಪ್ಪೆ' ಎಂದು ನೋಡಿದೆ. ಆ ಹುಡುಗಿ ತಲೆಯೆತ್ತದೆ ಎರಡು 'ಪಿ' ಹಾಕಿ ಲೋಟದ ಮೇಲೆ ಬರೆದಳು. ನಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದೇ ಇತ್ತು.

ನಿನ್ನಿಂದ ಒಂದು ಕೆಲಸವಾಗಬೇಕು. ಸುಗ್ಗಿ ಮುಗಿದ ಮೇಲೆ, ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವ ಹೆಳವ ಎತ್ತು ಹೊಡೆದುಕೊಂಡು ಊರಿಗೆ ಬರುತ್ತಾನಲ್ಲ, ಅಪ್ಪ ಒಂದು ವರ್ಷ ಅವನಿಗೆ ಕಾಳು ಕೊಡದೆ ಜಗಳವಾಡಿದ್ದರು, ಅದನ್ನು ನೆನಪಿಸಬೇಡ. ಎರಡು ಸೇರು ಹೆಚ್ಚಿಗೆ ಕೊಟ್ಟು ನಮ್ಮ ಮನೆತನದ ಪುಟ ತೆಗೆಸು. ಅಪ್ಪನ ಹೆಸರಿನ ಕೆಳಗೆ ಎಷ್ಟು ಗಂಡುಮಕ್ಕಳನ್ನು ಬರೆದಿದ್ದಾನೆ, ಒಂದೋ ಮೂರೋ, ನೋಡಿ ಫೋಟೊ ಕಳಿಸು. ಒಂದೇ ಇದ್ದರೆ ಅಮ್ಮನ ಮುಂದೆ ಓದಿಸಬೇಡ. ಕಾಳಿನ ದುಡ್ಡು ಫೋನ್‌ಪೇ ಮಾಡುತ್ತೇನೆ. ನಿನ್ನ ಹಳೆಯ ಬಾಕಿಯೊಂದಿಗೆ ಸೇರಿಸಿ ಕೇಳಬೇಡ, ಅದು ಬೇರೆ ಲೆಕ್ಕ, ಅದರಲ್ಲಿ ಅರ್ಧ ಬಕೆಟ್ಟಿನದು.

ನಿನ್ನ,
ತೇಯಾಸ್ ಬಿನ್ ಲೇಟ್ ಓಬಣ್ಣ